ನರ್ಸ್ ಕೆಲಸಕ್ಕೆ ಜರ್ಮನಿಗೆ ಬಂದೆ: ಆಫರ್, ವೀಸಾ ಮತ್ತು ನನ್ನ ಇನಿಶಿಯಲ್ಲು

ನಾನು ಬಿಎಸ್ಸಿ ನರ್ಸಿಂಗ್ ಓದಿದವಳು. ಊರು ತರೀಕೆರೆ ಹತ್ತಿರದ ಒಂದು ಹಳ್ಳಿ, ಕಾಲೇಜು ಶಿವಮೊಗ್ಗ, ಆಮೇಲೆ ನಾಲ್ಕು ವರ್ಷ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯು. 2024ರ ಮೇ ತಿಂಗಳಲ್ಲಿ ಜರ್ಮನಿಗೆ ಬಂದೆ. ಈಗ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಕೆಲಸ. ನಮ್ಮ ಕಡೆಯ ನರ್ಸಿಂಗ್ ಹುಡುಗಿಯರು ವಾರಕ್ಕೆ ಒಬ್ಬರಾದರೂ ಮೆಸೇಜ್ ಮಾಡುತ್ತಾರೆ. "ಅಕ್ಕಾ, ಎಷ್ಟು ದುಡ್ಡು ಬೇಕು? ಯಾವ ಏಜೆನ್ಸಿ ಒಳ್ಳೇದು?" ಅಂತ. ನಾನು ತಿರುಗಿ ಕೇಳುವುದು ಬೇರೆಯೇ: "ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ನಿನ್ನ ಹೆಸರು ಹೇಗಿದೆ, ಪಾಸ್‌ಪೋರ್ಟಲ್ಲಿ ಹೇಗಿದೆ, ಮೊದಲು ಅದನ್ನ ನೋಡಿ ಹೇಳು." ಯಾಕೆ ಅಂತ ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ಬದಲು ಇಲ್ಲಿ ಎಲ್ಲವನ್ನೂ ಬರೆದುಬಿಡುತ್ತೇನೆ.

ಆಫರ್ ಲೆಟರ್ ಕೈಗೆ ಬಂದರೆ ವೀಸಾ ತಾನಾಗಿ ಬರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ನರ್ಸ್ ಕೆಲಸಕ್ಕೆ ಹಾಗಲ್ಲ. ಸಾಫ್ಟ್‌ವೇರ್‌ನವರಿಗೆ ಡಿಗ್ರಿ ಮತ್ತು ಸಂಬಳ ಅಲ್ಲಿನ ನಿಯಮಕ್ಕೆ ಹೊಂದಿದರೆ ಬ್ಲೂ ಕಾರ್ಡ್ ಅನ್ನುವ ವಾಸ ಮತ್ತು ಕೆಲಸದ ಪರವಾನಗಿಯ ದಾರಿ ಇದೆ. ಆದರೆ ನರ್ಸಿಂಗ್ ಅಲ್ಲಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲದ ವೃತ್ತಿ. ನಮ್ಮ ಓದನ್ನು ಅಲ್ಲಿನ ರಾಜ್ಯ ಸರ್ಕಾರದ ಕಚೇರಿಯವರು ತಮ್ಮ ಮೂರು ವರ್ಷದ ತರಬೇತಿಯ ಪಕ್ಕ ಇಟ್ಟು, ಯಾವ ವಿಷಯ ಎಷ್ಟು ಗಂಟೆ ಓದಿದ್ದೀರಿ, ವಾರ್ಡಿನಲ್ಲಿ ಎಷ್ಟು ಗಂಟೆ ಕೆಲಸ ಮಾಡಿದ್ದೀರಿ ಅಂತ ಹೋಲಿಸಿ ನೋಡುತ್ತಾರೆ. ಇದಕ್ಕೆ ಅನೆರ್‌ಕೆನುಂಗ್ ಅನ್ನುತ್ತಾರೆ, ಅಂದರೆ ಮಾನ್ಯತೆ. ಆಫರ್ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ಅಲ್ಲಿ ನರ್ಸ್‌ಗಳ ಕೊರತೆ ಅಷ್ಟಿದೆ. ಕಷ್ಟ ಇರುವುದು ಈ ಮಾನ್ಯತೆಯಲ್ಲಿ.

ಏಜೆಂಟರ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನಾನು ಮೊದಲು ಹೋದ ಕಡೆ ಮೂರೂವರೆ ಲಕ್ಷ ಕೇಳಿದರು. ಒರಿಜಿನಲ್ ಸರ್ಟಿಫಿಕೇಟ್‌ಗಳನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತೇವೆ ಅಂದರು. ಅಪ್ಪ ಸಾಲ ತೆಗೆಯಲು ಸೊಸೈಟಿಗೆ ಹೋಗಿ ವಿಚಾರಿಸಿಕೊಂಡೂ ಬಂದಿದ್ದರು. ನನ್ನ ಜೊತೆ ನೈಟ್ ಡ್ಯೂಟಿ ಮಾಡುತ್ತಿದ್ದ ಕೊಟ್ಟಾಯಂ ಹುಡುಗಿ ತಡೆದಳು. ನಮ್ಮ ದೇಶದ ನಿಯಮದ ಪ್ರಕಾರ ನೋಂದಣಿ ಆದ ಏಜೆಂಟ್ ಕೆಲಸಗಾರರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಏಜೆಂಟ್ ನೋಂದಣಿ ಆಗಿದ್ದಾರಾ ಅಂತ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಜರ್ಮನಿ ಕಡೆಯಲ್ಲೂ ನರ್ಸ್‌ಗಳನ್ನು ಕರೆತರುವ ಏಜೆನ್ಸಿಗಳಿಗೆ ಸರ್ಕಾರದ ಒಂದು ಗುಣಮಟ್ಟದ ಮುದ್ರೆ ಇದೆ, ಅದನ್ನು ಪಡೆದವರು ನರ್ಸ್ ಹತ್ತಿರ ದುಡ್ಡು ಕೇಳುವಂತಿಲ್ಲ, ಖರ್ಚೆಲ್ಲ ಆಸ್ಪತ್ರೆಯದೇ. ನಾನು ಅಂಥ ಒಂದು ಏಜೆನ್ಸಿ ಮೂಲಕ ಬಂದೆ. ಅಲ್ಲೂ ಒಪ್ಪಂದವನ್ನು ಸುಮ್ನೆ ಸಹಿ ಹಾಕಿ ಕೊಡಬೇಡಿ. ಇಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ಇಷ್ಟು ಯೂರೋ ವಾಪಸ್ ಕೊಡಬೇಕು ಅನ್ನುವ ಒಂದು ಸಾಲು ಎಲ್ಲೋ ಹನ್ನೊಂದನೇ ಪುಟದಲ್ಲಿ ಇರುತ್ತದೆ. ನಾನು ಅದನ್ನು ಹುಡುಕಿ, ಪ್ರಶ್ನೆ ಕೇಳಿ, ತಿಂಗಳು ಕಳೆದಂತೆ ಆ ಮೊತ್ತ ಕಡಿಮೆಯಾಗುತ್ತಾ ಹೋಗುವ ಹಾಗೆ ಬರೆಸಿಕೊಂಡೆ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಭಾಷೆ. ಜರ್ಮನ್ ಕಲಿಯಲು 2022ರ ಜನವರಿಯಲ್ಲಿ ಶುರು ಮಾಡಿದೆ. ಭಾಷೆಯ ಆರು ಮಟ್ಟಗಳಲ್ಲಿ ನಾಲ್ಕನೆಯದಾದ ಬಿ2 ಮಟ್ಟ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ಪರೀಕ್ಷೆ ಬರೆದಿದ್ದು ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿರುವ ಗ್ಯೋಥೆ ಇನ್‌ಸ್ಟಿಟ್ಯೂಟ್‌ನಲ್ಲಿ, ಮ್ಯಾಕ್ಸ್ ಮುಲ್ಲರ್ ಭವನ ಅಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಒಂದೊಂದರಲ್ಲೂ ನೂರಕ್ಕೆ 60 ಬರಬೇಕು. ನನಗೆ ಕೇಳುವ ಭಾಗದಲ್ಲಿ 54 ಬಂತು. ಅವತ್ತು ಇಂದಿರಾನಗರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ, ಒಂದೂವರೆ ವರ್ಷ ನೈಟ್ ಡ್ಯೂಟಿ ಮುಗಿಸಿ ನಿದ್ದೆ ಬಿಟ್ಟು ಕ್ಲಾಸಿಗೆ ಹೋಗಿದ್ದೆಲ್ಲ ನೀರಲ್ಲಿ ಹೋಮ ಆಯಿತು ಅನ್ನಿಸಿತ್ತು. ಸೋತ ಭಾಗ ಒಂದನ್ನೇ ಮತ್ತೆ ಬರೆಯಬಹುದು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಎರಡು ತಿಂಗಳು ಪಿಜಿಯಿಂದ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಹಾಡು ಕೇಳುವುದನ್ನು ಬಿಟ್ಟು ಜರ್ಮನ್ ವಾರ್ತೆ ಮಾತ್ರ ಕೇಳಿದೆ. ಅರ್ಥ ಆಗಲಿ ಬಿಡಲಿ, ಕಿವಿ ಪಳಗಿತು. ಎರಡನೇ ಸಲ 73.

ಈಗ ಕಾಗದಪತ್ರ. ಎಲ್ಲರೂ ಸೋಲುವುದು ಇಲ್ಲೇ, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಡಿಗ್ರಿ, ಮಾರ್ಕ್ಸ್ ಕಾರ್ಡ್, ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ, ಕೆಲಸದ ಅನುಭವದ ಪತ್ರ, ಇವೆಲ್ಲ ನಮ್ಮ ಹತ್ತಿರ ಇದ್ದೇ ಇರುತ್ತವೆ. ಇಲ್ಲದಿರುವುದು ಗಂಟೆಗಳ ಲೆಕ್ಕ. ಮಾನ್ಯತೆ ಕೊಡುವವರಿಗೆ ಅಂಕ ಬೇಡ, ಗಂಟೆ ಬೇಕು. ಮೆಡಿಕಲ್ ಸರ್ಜಿಕಲ್ ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ಕ್ಲಿನಿಕಲ್, ಮಕ್ಕಳ ವಾರ್ಡು ಎಷ್ಟು, ಮನೋರೋಗ ವಿಭಾಗ ಎಷ್ಟು. ಕಾಲೇಜಿನವರು ಕೊಟ್ಟ ಮೊದಲ ಟ್ರಾನ್ಸ್‌ಕ್ರಿಪ್ಟಿನಲ್ಲಿ ಬರೀ ಅಂಕ ಇತ್ತು. ಮೂರು ಸಲ ಶಿವಮೊಗ್ಗಕ್ಕೆ ಓಡಾಡಿದೆ. ಮೂರನೇ ಸಲ ಆ ಬ್ಯಾಚಿನ ಸಿಲಬಸ್ ಪುಸ್ತಕವನ್ನು ಪ್ರಿಂಟ್ ತೆಗೆದುಕೊಂಡೇ ಹೋಗಿ, ಆಫೀಸಿನ ಕ್ಲರ್ಕ್ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಒಂದೊಂದೇ ವಿಷಯ ಓದಿ ಹೇಳಿದೆ, ಅವರು ಟೈಪ್ ಮಾಡಿದರು, ಸಂಜೆ ನಾಲ್ಕೂವರೆಗೆ ಪ್ರಿನ್ಸಿಪಾಲರ ಸಹಿ, ಸೀಲು ಆಯಿತು. ಆ ಎರಡು ಹಾಳೆ ನನ್ನ ಡಿಗ್ರಿಗಿಂತ ಹೆಚ್ಚು ಕೆಲಸ ಮಾಡಿದವು.

ಇನ್ನೊಂದು ಮಾತು. ಬೇಕಾದಷ್ಟು ಜನ ಅಪೋಸ್ಟಿಲ್ (ದಾಖಲೆ ಬೇರೆ ದೇಶದಲ್ಲಿ ನಡೆಯಲಿ ಅಂತ ಹಾಕಿಸುವ ಸರ್ಕಾರಿ ಮುದ್ರೆ) ಮಾಡಿಸಿಕೊಡುತ್ತೇವೆ ಅಂತ ಒಂದೊಂದು ಹಾಳೆಗೆ ಸಾವಿರಾರು ರೂಪಾಯಿ ಕೇಳುತ್ತಾರೆ. ಭಾರತದ ಅಪೋಸ್ಟಿಲ್‌ಗೆ ಜರ್ಮನಿ ಆಕ್ಷೇಪ ಎತ್ತಿರುವುದರಿಂದ ಈ ಎರಡು ದೇಶಗಳ ನಡುವೆ ಅದು ನಡೆಯುವುದಿಲ್ಲ. ನನ್ನ ಕಡತಕ್ಕೆ ಬೇಕಾಗಿದ್ದು ದೃಢೀಕರಿಸಿದ ನಕಲು, ಮತ್ತೆ ಜರ್ಮನಿಯ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಅನುವಾದಕರು ಮಾಡಿಕೊಟ್ಟ ಅನುವಾದ. ದುಡ್ಡು ಕಟ್ಟುವ ಮುಂಚೆ ನಿಮ್ಮ ಆಸ್ಪತ್ರೆಯವರ ಹತ್ತಿರ ಕೇಳಿ.

ಇನ್ನು ಹೆಸರು. ನಮ್ಮ ಕಡೆ ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಆಮೇಲೆ ನಮ್ಮ ಹೆಸರು, ಅಲ್ವಾ. ನನ್ನ ಎಸ್‌ಎಸ್‌ಎಲ್‌ಸಿಯಲ್ಲಿ ಎರಡು ಇನಿಶಿಯಲ್ ಹೆಸರಿನ ಹಿಂದೆ ಇದ್ದವು. ಡಿಗ್ರಿಯಲ್ಲಿ ಮುಂದೆ ಬಂದವು. ಕೌನ್ಸಿಲ್ ನೋಂದಣಿಯಲ್ಲಿ ಒಂದೇ ಇನಿಶಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಸೈಬರ್ ಸೆಂಟರ್ ಹುಡುಗ ಸರ್‌ನೇಮ್ ಅಂತ ಇದ್ದ ಕಡೆ ಅಪ್ಪನ ಹೆಸರನ್ನು ಪೂರ್ತಿ ತುಂಬಿದ. ಬೆಂಗಳೂರಲ್ಲಿ ಇದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ, ನಮಗೆಲ್ಲ ಅಭ್ಯಾಸ ಆಗಿರುವ ವಿಷಯ. ಜರ್ಮನಿಯಿಂದ ಪತ್ರ ಬಂತು, ತುಂಬಾ ಮರ್ಯಾದೆಯಿಂದ ಬರೆದ ಪತ್ರ: ಈ ನಾಲ್ಕು ದಾಖಲೆಗಳು ಒಬ್ಬರವೇ ಅನ್ನುವುದಕ್ಕೆ ಪುರಾವೆ ಕೊಡಿ. ಅದಾಗುವವರೆಗೆ ಕಡತ ನಿಂತಿತು. ಎರಡು ತಿಂಗಳು ಹೋಯಿತು.

ಪರಿಹಾರ ಕಷ್ಟದ್ದೇನಲ್ಲ, ಮೊದಲೇ ಗೊತ್ತಿದ್ದರೆ. ಇ-ಸ್ಟ್ಯಾಂಪ್ ಪೇಪರ್ ಮೇಲೆ ಒಂದು ಅಫಿಡವಿಟ್ ಮಾಡಿಸಿದೆ. ಈ ನಾಲ್ಕೂ ಹೆಸರು ಒಬ್ಬಳದೇ, ಮೊದಲ ಅಕ್ಷರ ಊರಿನ ಹೆಸರು, ಎರಡನೆಯದು ತಂದೆಯ ಹೆಸರು, ಕರ್ನಾಟಕದಲ್ಲಿ ಹೀಗೆ ಬರೆಯುವುದು ರೂಢಿ, ಅಂತ ನಾನೇ ಒಂದೊಂದು ಸಾಲು ಹೇಳಿ ಬರೆಸಿದೆ, ಯಾಕೆಂದರೆ ವಕೀಲರ ಹತ್ತಿರ ಇದ್ದ ನಮೂನೆಯಲ್ಲಿ ಬರೀ "ಎರಡೂ ಒಬ್ಬರೇ" ಅಂತ ಇತ್ತೇ ಹೊರತು ಯಾಕೆ ಅನ್ನುವುದು ಇರಲಿಲ್ಲ. ನೋಟರಿ ಸಹಿ, ಅದರ ಅನುವಾದ, ಜೊತೆಗೆ ಅಪ್ಪನ ಹೆಸರಿರುವ ಜನನ ಪ್ರಮಾಣಪತ್ರ. ಆಮೇಲೆ ಆ ಪ್ರಶ್ನೆ ಯಾರೂ ಕೇಳಲಿಲ್ಲ. ಇನ್ನೂ ಪಾಸ್‌ಪೋರ್ಟ್ ಮಾಡಿಸದೆ ಇರುವವರು ದಯವಿಟ್ಟು ಆ ಸರ್‌ನೇಮ್ ಜಾಗದಲ್ಲಿ ಏನು ಬರೆಸುತ್ತೀರಿ ಅಂತ ಮನೆಯವರ ಜೊತೆ ಕೂತು ಯೋಚನೆ ಮಾಡಿ. ಖಾಲಿ ಮಾತ್ರ ಬಿಡಬೇಡಿ.

2024ರ ಜನವರಿಯಲ್ಲಿ ಮಾನ್ಯತೆ ಕಚೇರಿಯ ಉತ್ತರ ಬಂತು. ಓದಿನಲ್ಲಿ ಇಂತಿಂಥ ಕೊರತೆ ಇದೆ ಅಂತ ತಿಳಿಸುವ ಪತ್ರ ಅದು, ಡೆಫಿಟ್ಸಿಟ್‌ಬೆಶೈಡ್ ಅನ್ನುತ್ತಾರೆ. ಹೆಸರು ಕೇಳಿದರೆ ತಿರಸ್ಕಾರ ಅನ್ನಿಸುತ್ತದೆ, ನಮ್ಮಮ್ಮ "ಹಾಗಾದ್ರೆ ಆಗಲ್ವೇನೆ?" ಅಂತ ಗಾಬರಿಯಾದರು. ಆದರೆ ವೀಸಾಕ್ಕೆ ಬೇಕಾಗಿರುವುದೇ ಆ ಪತ್ರ. ನನಗೆ ವಯಸ್ಸಾದವರ ಆರೈಕೆ ಮತ್ತು ಮನೆಗೆ ಹೋಗಿ ಮಾಡುವ ಆರೈಕೆಯಲ್ಲಿ ಗಂಟೆ ಕಡಿಮೆ ಬಿದ್ದಿದ್ದವು. ಅಲ್ಲಿಗೆ ಹೋಗಿ ಒಂದೋ ಹೊಂದಾಣಿಕೆಯ ತರಬೇತಿ ಮುಗಿಸಬೇಕು, ಇಲ್ಲವೇ ಜ್ಞಾನ ಪರೀಕ್ಷೆ ಪಾಸಾಗಬೇಕು. ಇದಕ್ಕಾಗಿಯೇ ಜರ್ಮನಿಯ ವಾಸ್ತವ್ಯ ಕಾನೂನಿನ ಕಲಂ 16ಡಿ ಪ್ರಕಾರ ಒಂದು ವೀಸಾ ಇದೆ. ನಾನು ಪರೀಕ್ಷೆ ಆರಿಸಿಕೊಂಡೆ.

ನಮ್ಮ ಆಸ್ಪತ್ರೆಯವರು ತ್ವರಿತ ವಿಧಾನದಲ್ಲಿ ಅರ್ಜಿ ಹಾಕಿದ್ದರು. ಅದಕ್ಕೆ ಕೆಲಸ ಕೊಡುವವರು ಅಲ್ಲಿನ ವಿದೇಶಿಯರ ಕಚೇರಿಗೆ 411 ಯೂರೋ ಕಟ್ಟಬೇಕು. ಅವರು ಎಲ್ಲ ನೋಡಿ ಒಂದು ಪೂರ್ವ ಒಪ್ಪಿಗೆ ಪತ್ರ ಕೊಡುತ್ತಾರೆ. ಆ ಪತ್ರ ಇದ್ದರೆ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ, ತೀರ್ಮಾನವೂ ಬೇಗ. ಇಂಟರ್‌ವ್ಯೂ ಹೊತ್ತಲ್ಲೇ "ತ್ವರಿತ ವಿಧಾನದಲ್ಲಿ ಮಾಡ್ತೀರಾ?" ಅಂತ ಕೇಳಿಬಿಡಿ. ವೀಸಾ ಶುಲ್ಕ 75 ಯೂರೋ. ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಮಾರ್ಚ್ ಕೊನೆಯಲ್ಲಿ ಕಡತ ಕೊಟ್ಟೆ, ಏಪ್ರಿಲ್ ಮೂರನೇ ವಾರ ಪಾಸ್‌ಪೋರ್ಟ್ ವಾಪಸ್ ಬಂತು.

ಮಧ್ಯೆ ಒಂದು ತಮಾಷೆಯಲ್ಲದ ವಿಷಯ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ದಡಾರದ ಲಸಿಕೆಗೆ ಇಲ್ಲವೇ ಅದರ ರೋಗನಿರೋಧಕ ಶಕ್ತಿಗೆ ಪುರಾವೆ ಕೊಡಲೇಬೇಕು ಅನ್ನುವ ಕಾನೂನು ಜರ್ಮನಿಯಲ್ಲಿ 2020ರಿಂದ ಇದೆ. ನನ್ನ ಚಿಕ್ಕಂದಿನ ಲಸಿಕೆ ಕಾರ್ಡು ಯಾವುದೋ ಮಳೆಗಾಲದಲ್ಲಿ ಅಟ್ಟದ ಮೇಲೆ ನೆಂದು ಹೋಗಿತ್ತು. ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡಿಸಿ, ರೋಗನಿರೋಧಕ ಶಕ್ತಿ ಇದೆ ಅನ್ನುವ ವರದಿ ಕೊಟ್ಟೆ. ಹೊರಡುವ ವಾರ ಇದನ್ನು ಇಟ್ಟುಕೊಳ್ಳಬೇಡಿ.

ಬಂದ ಮೇಲೆ ಎರಡು ವಾರದೊಳಗೆ ಇರುವ ವಿಳಾಸವನ್ನು ಊರಿನ ಕಚೇರಿಯಲ್ಲಿ ನೋಂದಾಯಿಸಬೇಕು, ಮನೆ ಮಾಲೀಕರ ಸಹಿ ಇರುವ ಕಾಗದ ಬೇಕು. ತೆರಿಗೆ ನಂಬರು ಅಂಚೆಯಲ್ಲಿ ಬರುತ್ತದೆ. ನನಗೆ ಬರಲೇ ಇಲ್ಲ. ಅದಿಲ್ಲದಿದ್ದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯಬಹುದು, ನನಗೆ ಮೊದಲ ತಿಂಗಳು ಹಾಗೇ ಆಯಿತು, ಆಮೇಲೆ ಸರಿಯಾಯಿತು. ವಿಚಾರಿಸಿದರೆ, ಇಲ್ಲಿ ಅಂಚೆಯವರು ಮನೆ ನಂಬರ್ ನೋಡಿ ಕಾಗದ ಹಾಕುವುದಿಲ್ಲ, ಡಬ್ಬಿಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ನಾನು ಡಬ್ಬಿಗೆ ನನ್ನ ಹೆಸರು ಅಂಟಿಸಿದ್ದೆ. ಕಾಗದ ಬಂದಿದ್ದು ಪಾಸ್‌ಪೋರ್ಟಿನ ಸರ್‌ನೇಮಿಗೆ, ಅಂದರೆ ಅಪ್ಪನ ಹೆಸರಿಗೆ! ಆ ಹೆಸರಿನವರು ಇಲ್ಲಿಲ್ಲ ಅಂತ ವಾಪಸ್ ಹೋಗಿತ್ತು. ಅವತ್ತೇ ಒಂದು ಬಿಳಿ ಪಟ್ಟಿಯ ಮೇಲೆ ಅಪ್ಪನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ವಾರ್ಡಿನಲ್ಲೂ ನನ್ನನ್ನು ಫ್ರಾವ್ (ಅಂದರೆ ಶ್ರೀಮತಿ) ಅಂತ ಸೇರಿಸಿ ಅಪ್ಪನ ಹೆಸರಿಂದಲೇ ಕರೆಯುತ್ತಾರೆ. ಮೊದಮೊದಲು ತಿರುಗಿ ನೋಡುತ್ತಲೇ ಇರಲಿಲ್ಲ, ಯಾರನ್ನೋ ಕರೆಯುತ್ತಿದ್ದಾರೆ ಅಂತ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಮಾನ್ಯತೆ ಸಿಗುವವರೆಗೆ ನಾವು ನರ್ಸ್ ಅಲ್ಲ, ಸಹಾಯಕಿ. ಸಂಬಳವೂ ಸಹಾಯಕಿಯದು. ವೃದ್ಧರ ಆರೈಕೆಯಲ್ಲಿ 2024ರ ಮೇ ತಿಂಗಳಿಂದ ಕನಿಷ್ಠ ಕೂಲಿ ಸಹಾಯಕರಿಗೆ ಗಂಟೆಗೆ 15.50 ಯೂರೋ, ಪೂರ್ಣ ನರ್ಸ್‌ಗೆ 19.50 ಇತ್ತು, ವ್ಯತ್ಯಾಸ ನೀವೇ ನೋಡಿ. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಹಿಡಿದು ಕೈಗೆ ಬರುವಾಗ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿರುತ್ತದೆ. ಆಮೇಲೆ ಬಾಡಿಗೆ. ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಬೇರೆ. ಮೊದಲ ವರ್ಷವೇ ಊರಿಗೆ ಲಕ್ಷ ಲಕ್ಷ ಕಳಿಸುತ್ತೇನೆ ಅಂತ ಮನೆಯವರಿಗೆ ಮಾತು ಕೊಡಬೇಡಿ.

ಕೆಲಸವೂ ಬೇರೆ. ಐಸಿಯುನಲ್ಲಿ ದಿನಕ್ಕೆ ಇಪ್ಪತ್ತು ಐವಿ ಲೈನ್ ಹಾಕುತ್ತಿದ್ದವಳು ನಾನು. ಇಲ್ಲಿ ಬೆಳಿಗ್ಗೆ ಆರಕ್ಕೆ ಬಂದು ರೋಗಿಗಳಿಗೆ ಸ್ನಾನ ಮಾಡಿಸಿ, ಹಲ್ಲುಸೆಟ್ಟು ತೊಳೆದು, ತಿಂಡಿ ತಿನ್ನಿಸುವುದು ನರ್ಸ್ ಕೆಲಸವೇ, ಆಯಾ ಬೇರೆ ಇಲ್ಲ. ಮೊದಲ ತಿಂಗಳು ಮನಸ್ಸಿಗೆ ಕಷ್ಟವಾಯಿತು, ಸುಳ್ಳು ಹೇಳಲ್ಲ. ಆಮೇಲೆ ಗೊತ್ತಾಯಿತು, ಬೆನ್ನು ಒರೆಸುವಾಗಲೇ ಬೆಡ್‌ಸೋರ್ ಶುರುವಾಗಿರುವುದು ಕಣ್ಣಿಗೆ ಬೀಳುವುದು, ಮಾತು ಹೊರಡುವುದೂ ಆಗಲೇ. ನನ್ನ ಬಿ2 ಜರ್ಮನ್ ಇಲ್ಲಿನ ಅಜ್ಜಿಯರ ಶ್ವೇಬಿಶ್ ಆಡುಮಾತಿನ ಮುಂದೆ ನಿಲ್ಲಲಿಲ್ಲ, ಬೆಂಗಳೂರಿನವರಿಗೆ ಕುಂದಾಪ್ರ ಕನ್ನಡ ಕೇಳಿದ ಹಾಗೆ. "ಅ ಬಿಸ್ಲೆ" ಅಂದರೆ ಸ್ವಲ್ಪ ಅಂತ ಕಲಿಸಿದ್ದು 88 ವರ್ಷದ ಒಬ್ಬ ಅಜ್ಜಿ, ಗಂಜಿ ಬಟ್ಟಲು ಹಿಡಿದುಕೊಂಡಿದ್ದಾಗ.

2025ರ ಫೆಬ್ರವರಿಯಲ್ಲಿ ಪರೀಕ್ಷೆ. ಒಂದು ಭಾಗ ಬಾಯಿಮಾತಿನದು, ಇನ್ನೊಂದು ವಾರ್ಡಿನಲ್ಲಿ ನಿಜವಾದ ರೋಗಿಗಳ ಮುಂದೆ. ಸೋತರೆ ಇನ್ನೊಂದೇ ಅವಕಾಶ ಅನ್ನುವುದು ತಲೆಯಲ್ಲಿ ಕೊರೆಯುತ್ತಿತ್ತು. ಮೊದಲ ಸಲವೇ ಪಾಸಾದೆ. ಈಗ ನನ್ನ ವಾಸದ ಪರವಾನಗಿ ಕಲಂ 18ಎಗೆ ಬದಲಾಗಿದೆ, ಅಂದರೆ ಪೂರ್ಣ ನುರಿತ ಕೆಲಸಗಾರ್ತಿ. ಮೂರು ವರ್ಷ ಹೀಗೇ ನಡೆದರೆ ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು.

ಮಾನ್ಯತೆಯ ಪತ್ರ ಅಂಚೆಯಲ್ಲೇ ಬಂತು, ಆ ಬಿಳಿ ಪಟ್ಟಿ ಅಂಟಿಸಿದ ಡಬ್ಬಿಗೆ. ಅಲ್ಲೇ ನಿಂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಕನ್ನಡಕ ಹಾಕಿಕೊಂಡು, "ಹತ್ರ ಹಿಡಿ, ಇನ್ನೂ ಹತ್ರ" ಅಂತ, ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ತಮ್ಮ ಹೆಸರನ್ನು ಪೂರ್ತಿ ಓದಿದರು. ನನ್ನ ಓದಿನ ಯಾವ ಸರ್ಟಿಫಿಕೇಟ್‌ನಲ್ಲೂ ನನ್ನ ಹೆಸರಿನ ಜೊತೆ ಅವರು ಒಂದಕ್ಷರಕ್ಕಿಂತ ಜಾಸ್ತಿ ಇರಲಿಲ್ಲ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ತಿರುಗಿ ತಮ್ಮನನ್ನು ಕೂಗಿದರು: "ಲೋ, ಬಾರೋ ಇಲ್ಲಿ. ನಿನ್ನ ಪಾಸ್‌ಪೋರ್ಟ್ ಫಾರಂ ಇನ್ನೂ ಕೊಟ್ಟಿಲ್ಲ ತಾನೇ?"