ನೀರಿನ ಜಾಡು ಹಿಡಿದು ಬಾದಾಮಿ ಸೀಮೆ

ಬಾಗಲಕೋಟೆಯಲ್ಲಿ ಮನೆ ಇದೆ ಅಂದರೆ ಸಾಕು, ದೂರದ ನೆಂಟರು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: ‘ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ಒಂದೇ ದಿನಕ್ಕೆ ಆಗುತ್ತಾ?’ ಆಗುತ್ತೆ. ಕಾರು ಇಳಿದು, ಫೋಟೊ ತೆಗೆದು, ಮತ್ತೆ ಹತ್ತಿ ಕೂತರೆ ಖಂಡಿತ ಆಗುತ್ತೆ. ಸಂಜೆ ಹೊತ್ತಿಗೆ ಯಾವ ಗುಡಿ ಯಾವ ಊರಿನದು ಅಂತ ನೆನಪಿರುವುದಿಲ್ಲ, ಅಷ್ಟೇ.

ನಮ್ಮ ಮನೆಯ ತಕರಾರು ಬೇರೆಯೇ ಇತ್ತು. ನನಗೆ ಶಾಸನಗಳ ಹುಚ್ಚು. ಅವ್ವನಿಗೆ ಮತ್ತು ಚಿಗವ್ವನಿಗೆ ದರ್ಶನ ಆಗಬೇಕು. ‘ಪೂಜಿ ಇಲ್ಲದ ಗುಡ್ಯಾಗ ಏನ್ ನೋಡೂದೈತೋ? ಬನಶಂಕರಿಗೆ ಹೋಗೂಣು, ಮಹಾಕೂಟಕ್ಕ ಹೋಗೂಣು’ ಅಂತ ಅವ್ವ. ಇಬ್ಬರಿಗೂ ಹೊಂದುವ ದಾರಿ ಹುಡುಕುತ್ತ ನಕಾಶೆ ಹರಡಿಕೊಂಡು ಕೂತಾಗ ಕಣ್ಣಿಗೆ ಬಿದ್ದದ್ದು ನೀರು. ಅಗಸ್ತ್ಯ ತೀರ್ಥ, ಮಹಾಕೂಟದ ಪುಷ್ಕರಣಿ, ಬನಶಂಕರಿಯ ಹರಿದ್ರಾ ತೀರ್ಥ, ಪಟ್ಟದಕಲ್ಲಿನ ಮಲಪ್ರಭೆ, ಕೊನೆಗೆ ಅದೇ ಮಲಪ್ರಭೆ ಕೃಷ್ಣೆಯನ್ನು ಸೇರುವ ಕೂಡಲಸಂಗಮ. ಚಾಲುಕ್ಯರು ನೀರು ನೋಡಿಯೇ ಕಲ್ಲಿಗೆ ಕೈ ಹಾಕಿದವರು. ಭಕ್ತರೂ ನೀರು ಹುಡುಕಿಯೇ ಬರುವವರು. ಹಾಗಾಗಿ ಕಿಲೋಮೀಟರ್ ಲೆಕ್ಕ ಬಿಟ್ಟು ನೀರಿನ ಲೆಕ್ಕ ಹಿಡಿದೆ.

ಶುರು ಮಾಡುವುದು ಬಾದಾಮಿಯಿಂದಲೇ. ರಾತ್ರಿ ಅಲ್ಲೇ ಉಳಿದುಕೊಂಡರೆ ಒಳ್ಳೆಯದು. ರೈಲಿನಲ್ಲಿ ಬಂದರೆ ನಿಲ್ದಾಣ ಊರಿಂದ ಸುಮಾರು 5 ಕಿ.ಮೀ. ದೂರ, ಟಂಟಂ ಸಿಗುತ್ತವೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಮೇಣಬಸದಿಗೆ, ಅಂದರೆ ಬಂಡೆಯಲ್ಲಿ ಕೊರೆದ ಗುಹೆಗುಡಿಗಳಿಗೆ, ಹೋಗಿಬಿಡಿ. ಬಿಸಿಲೇರಿದ ಮೇಲೆ ಮೆಟ್ಟಿಲು ಹತ್ತುವುದು ವಯಸ್ಸಾದವರಿಗೆ ಕಷ್ಟ. ಕೈಯಲ್ಲಿ ಬಾಳೆಹಣ್ಣು, ಬಿಸ್ಕತ್ತು, ಪ್ಲಾಸ್ಟಿಕ್ ಚೀಲ ಏನೂ ಕಾಣಿಸಬಾರದು. ಬಾದಾಮಿಯ ಮಂಗ್ಯಾಗಳಿಗೆ ಚೀಲ ಅಂದರೆ ಊಟ, ಒಳಗೆ ಏನೇ ಇರಲಿ. ಚಿಗವ್ವನ ಕನ್ನಡಕದ ಡಬ್ಬಿ ಹೋದದ್ದು ಹಾಗೆಯೇ.

ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಎಲ್ಲರೂ ನಿಲ್ಲುತ್ತಾರೆ, ಅದನ್ನು ನಾನು ಹೇಳಬೇಕಿಲ್ಲ. ನಾನು ಜಾಸ್ತಿ ಹೊತ್ತು ನಿಲ್ಲುವುದು ಮೂರನೆಯದರಲ್ಲಿ. ನಾಲ್ಕರಲ್ಲಿ ದೊಡ್ಡದು ಅದೇ. ತನ್ನ ಅಣ್ಣ, ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಮಂಗಳೇಶ ಇದನ್ನು ಮಾಡಿಸಿದ. ಶಕ 500, ಅಂದರೆ 578ನೇ ಇಸವಿ, ಕಾರ್ತಿಕ ಹುಣ್ಣಿಮೆ ಅಂತ ಶಾಸನವೇ ಹೇಳುತ್ತೆ. ಅಲ್ಲೇ ಮಂಗಳೇಶನ ಇನ್ನೊಂದು ಚಿಕ್ಕ ಶಾಸನ ಇದೆ, ಕನ್ನಡದಲ್ಲಿ. ದೇವರಿಗೆ ಹೂಮಾಲೆ ಕಟ್ಟುವವರಿಗೆ ಕೊಟ್ಟ ದತ್ತಿ ಅದು. ಲಂಜಿಗೇಸರ ಅನ್ನುವ ಊರಿನ ಹೆಸರು ಅದರಲ್ಲಿ ಬರುತ್ತೆ. ಮಹಾಕೂಟದ ಹತ್ತಿರದ ಈಗಿನ ನಂದಿಕೇಶ್ವರವೇ ಆ ಊರು ಅಂತ ವಿದ್ವಾಂಸರು ಗುರುತಿಸಿದ್ದಾರೆ. ಇದನ್ನು ಅವ್ವನಿಗೆ ಹೇಳಿದೆ. ‘ಪೂಜಿ ಇಲ್ಲದ ಗುಡಿ’ ಅಂದವಳು ಗರ್ಭಗುಡಿಯ ಕಡೆ ತಿರುಗಿ ಕೈ ಮುಗಿದಳು. ‘ಹಂಗಾರ ಇಲ್ಲೂ ಹೂವು ಏರತಿತ್ತು ಅನ್ನು.’

ಗುಹೆಗಳಿಂದ ಕೆಳಗೆ ನೋಡಿದರೆ ಅಗಸ್ತ್ಯ ತೀರ್ಥ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ಒಂದು ಪೆಟ್ಟು ಕಲ್ಲಿಗೆ ಬಿದ್ದರೆ ಎದುರಿನ ಬಂಡೆಯಿಂದ ಇನ್ನೊಂದು ಪೆಟ್ಟು ಕೇಳುತ್ತೆ. ಕೆರೆಯ ದಂಡೆ ಹಿಡಿದು ಆಚೆ ಬದಿಗೆ ನಡೆದರೆ ವಸ್ತುಸಂಗ್ರಹಾಲಯ. ಲಜ್ಜಾಗೌರಿಯ ಮೂರ್ತಿ ಅಲ್ಲಿದೆ. ಶುಕ್ರವಾರ ರಜೆ, ನೆನಪಿಡಿ.

ಅಲ್ಲಿಂದ ಜನ ಸೀದಾ ಭೂತನಾಥ ಗುಡಿಗೆ ಹೋಗಿಬಿಡುತ್ತಾರೆ. ನಾನು ಅವ್ವನನ್ನು ಕರೆದುಕೊಂಡು ಹೋದದ್ದು ಕೆರೆಯ ಈಶಾನ್ಯ ಮೂಲೆಯ ಬಂಡೆಗೆ, ಕಪ್ಪೆ ಅರಭಟ್ಟನ ಶಾಸನಕ್ಕೆ. ಸುಮಾರು 700ನೇ ಇಸವಿಯದು. ನೋಡಲು ಏನೂ ಇಲ್ಲ ಅನ್ನಬಹುದು. ಬಂಡೆ, ಅದರ ಮೇಲೆ ಹತ್ತು ಸಾಲು ಅಕ್ಷರ. ನನಗೆ ಬಾಯಿಪಾಠ ಇದ್ದದ್ದನ್ನು ಓದಿ ಹೇಳಿದೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಮೃದುವಾಗಿ ನಡೆಯುವವರಿಗೆ ಮೃದು, ಪೀಡಿಸುವ ಕಲಿಗೆ ಮಾತ್ರ ಕಲಿಯುಗದ ವಿಪರೀತ; ಇವನು ಮಾಧವನೇ, ಬೇರೆಯಲ್ಲ. ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ಚಿಗವ್ವ ‘ಇನ್ನೊಮ್ಮೆ ಅನ್ನು’ ಅಂದಳು. ಅಂದೆ. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಅವಳು ಆಗಲೇ ರಾಗ ಎಳೆಯುತ್ತಿದ್ದಳು, ಬೀಸುವಾಗ ಹಾಡುವ ರಾಗ. ಅದು ತ್ರಿಪದಿ ತಾನೆ! ನಮ್ಮ ಕಡೆ ಬೀಸುವ ಪದ, ಕುಟ್ಟುವ ಪದ ಎಲ್ಲ ಇದೇ ಮೂರು ಸಾಲಿನ ಕಟ್ಟಿನವು. ಅವ್ವನೂ ದನಿಗೂಡಿಸಿದಳು. ಆ ಪದ ಬಂಡೆ ಮೇಲೆ ಕೂತು ಹದಿಮೂರು ಶತಮಾನ ಆಗಿದೆ, ಇವರಿಬ್ಬರ ಬಾಯಲ್ಲಿ ಅದಕ್ಕೆ ರಾಗ ಹುಡುಕುವ ಕೆಲಸವೇ ಬೀಳಲಿಲ್ಲ. ನಿಮ್ಮ ಮನೆಯಲ್ಲಿ ಬೀಸುವ ಪದ ಬಲ್ಲ ಹಿರಿಯರಿದ್ದರೆ ಬಾದಾಮಿಯಲ್ಲಿ ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಭೂತನಾಥಕ್ಕೆ ಸಂಜೆ ಹೋಗಿ. ಕೆರೆಯ ಪೂರ್ವದ ದಂಡೆಯಲ್ಲಿದೆ, ಇಳಿ ಬಿಸಿಲು ನೇರ ಗುಡಿ ಮೇಲೆ ಬೀಳುತ್ತೆ. ಕೆಂಪು ಕಲ್ಲಿಗೆ ಅದೇ ಒಳ್ಳೆಯ ಹೊತ್ತು.

ಮರುದಿನ ಬನಶಂಕರಿ, ಮಹಾಕೂಟ. ಬನಶಂಕರಿ ಬಾದಾಮಿಯಿಂದ 5 ಕಿ.ಮೀ., ಚೊಳಚಗುಡ್ಡದಲ್ಲಿ. ದರ್ಶನ ಆದ ಮೇಲೆ ಊಟಕ್ಕೆ ಹೋಟೆಲ್ ಹುಡುಕಬೇಡಿ. ಗುಡಿಯ ಸುತ್ತ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಮನೆಯಲ್ಲಿ ಬಡಿದ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೊಸರು ಕೊಡುತ್ತಾರೆ. ಅವ್ವ ರೊಟ್ಟಿಯ ಅಂಚು ಮುರಿದು ನೋಡಿ ‘ಚಲೋ ಬೆಂದಾವ’ ಅಂದಳು. ಅವಳ ಬಾಯಿಂದ ಬೇರೆಯವರ ರೊಟ್ಟಿಗೆ ಅಷ್ಟು ಮಾತು ಬರುವುದೇ ದೊಡ್ಡದು.

ಮಹಾಕೂಟಕ್ಕೆ ಬಾದಾಮಿಯಿಂದ ಗುಡ್ಡ ಹಾದು ಕಾಲುದಾರಿ ಇದೆ, ಸುಮಾರು 5 ಕಿ.ಮೀ. ಕಾಲಲ್ಲಿ ಕಸುವಿದ್ದವರು ನಡೆದೇ ಹೋಗಿ. ನಾವು ಟಂಟಂ ಹಿಡಿದೆವು. ರಸ್ತೆಯಲ್ಲಿ ನಂದಿಕೇಶ್ವರದ ಹೆಸರು ಕಂಡ ಕೂಡಲೇ ಅವ್ವ ನನ್ನ ಮೊಣಕೈ ತಿವಿದಳು. ‘ಹೂವಿನವರ ಊರು ಇದss ಏನು?’

ಮಹಾಕೂಟದಲ್ಲಿ ಊಟೆಯ ನೀರು ಪುಷ್ಕರಣಿಗೆ ಬರುತ್ತೆ. ಆಲದ ನೆರಳು, ನೀರಿನ ನಡುವೆ ಚಿಕ್ಕ ಮಂಟಪದಲ್ಲಿ ಚತುರ್ಮುಖ ಲಿಂಗ. ಹುಡುಗರು ದಂಡೆಯಿಂದ ಜಿಗಿಯುತ್ತಿರುತ್ತಾರೆ, ಅವರ ಪಕ್ಕದಲ್ಲೇ ಮುದುಕರು ಮೂಗು ಹಿಡಿದು ಮುಳುಗು ಹಾಕುತ್ತಿರುತ್ತಾರೆ. ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಂಡಿರಿ. ಸ್ನಾನ, ಪೂಜೆ ಮುಗಿದ ಮೇಲೆ ಸುಮ್ನೆ ಶಿಖರಗಳನ್ನು ನೋಡುತ್ತ ಒಂದು ಸುತ್ತು ಹಾಕಿ. ಮೆಟ್ಟಿಲು ಮೆಟ್ಟಿಲಾಗಿ ಏರುವ ದಕ್ಷಿಣದ ಬಗೆಯೂ ಇದೆ, ಬಾಗಿ ಮೇಲೇರುವ ಉತ್ತರದ ಬಗೆಯೂ ಇದೆ, ಒಂದೇ ಅಂಗಳದಲ್ಲಿ. ಇಲ್ಲಿದ್ದ ಮಂಗಳೇಶನ ಶಾಸನಕಂಬವನ್ನು ನೋಡಬೇಕಿದ್ದರೆ ವಿಜಯಪುರಕ್ಕೇ ಹೋಗಬೇಕು. ಅದೀಗ ಗೋಳಗುಮ್ಮಟದ ಸಂಗ್ರಹಾಲಯದಲ್ಲಿದೆ. ನನ್ನನ್ನು ಕೇಳಿದರೆ ಕಂಬ ಇಲ್ಲೇ ಇರಬೇಕಿತ್ತು.

ಹತ್ತಿರದಲ್ಲೇ ಮಲಪ್ರಭೆಯ ದಂಡೆಗೆ ಶಿವಯೋಗಮಂದಿರ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಸಂಸ್ಥೆ. ಅಲ್ಲಿ ತಯಾರಾಗುವ ವಿಭೂತಿ ನಮ್ಮ ಕಡೆ ಮನೆಮನೆಗೂ ಗೊತ್ತು. ಚಿಗವ್ವ ಓಣಿಯವರಿಗೆಲ್ಲ ಸಾಲುವಷ್ಟು ಗಟ್ಟಿ ಕೊಂಡಳು.

ಪಟ್ಟದಕಲ್ಲಿಗೆ ಬೇರೆ ದಿನವನ್ನೇ ಇಡಿ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಹುಲ್ಲುಹಾಸು ಗಿಲ್ಲುಹಾಸು ಎಲ್ಲ ಚೆನ್ನಾಗಿದೆ. ನಾವು ಹುಲ್ಲುಹಾಸಿನ ಕಡೆಯಿಂದ ಒಳಗೆ ಬರುತ್ತೇವೆ, ಆದರೆ ವಿರೂಪಾಕ್ಷ ಗುಡಿಯ ಮುಖ ಇರುವುದು ಪೂರ್ವಕ್ಕೆ, ಹೊಳೆಯ ಕಡೆಗೆ. ಅದಕ್ಕೆ ನಾನು ಎಲ್ಲೂ ನಿಲ್ಲದೆ ಮೊದಲು ನಂದಿಮಂಟಪದ ತನಕ ಹೋಗುತ್ತೇನೆ. ಅಲ್ಲಿಂದ ಗುಡಿಯನ್ನು ನೋಡಿದರೆ ಕಟ್ಟಿದವರು ಏನು ತೋರಿಸಬೇಕೆಂದಿದ್ದರೋ ಅದು ಕಾಣುತ್ತೆ. ಮಲಪ್ರಭೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಉತ್ತರವಾಹಿನಿ ಅಂದ ಮೇಲೆ ಅವ್ವನಿಗೆ ಬೇರೆ ಕಾರಣ ಬೇಕೇ?

ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತೆ. ಕಥೆಯೂ ದೊಡ್ಡದು. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಗೆದ್ದಿದ್ದ. ಸುಮಾರು ನೂರು ವರ್ಷ ಕಳೆದು ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಯನ್ನು ಗೆದ್ದ. ಗೆದ್ದವನು ಗುಡಿ ಕೆಡವಲಿಲ್ಲ, ಅಲ್ಲಿನ ದೇವರ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟೆನೆಂದು ಕಂಚಿಯ ಕೈಲಾಸನಾಥ ಗುಡಿಯಲ್ಲಿ ಕನ್ನಡದಲ್ಲೇ ಬರೆಸಿದ. ಇತ್ತ ರಾಣಿ ಲೋಕಮಹಾದೇವಿ ಆ ಗೆಲುವಿಗಾಗಿ ಕಟ್ಟಿಸಿದ್ದು ಈ ವಿರೂಪಾಕ್ಷ. ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು ಪಕ್ಕದ ಮಲ್ಲಿಕಾರ್ಜುನ. ಒಳಗೆ ಕತ್ತಲೆ, ಕಣ್ಣು ಹೊಂದಿಕೊಳ್ಳುವ ತನಕ ಕಾಯಿರಿ. ಕಂಬಗಳ ಮೇಲೆ ರಾಮಾಯಣ, ಭಾರತ. ಮಲ್ಲಿಕಾರ್ಜುನದ ಕಂಬಗಳಲ್ಲಿ ಪಂಚತಂತ್ರವೂ ಇದೆ, ಮಕ್ಕಳಿದ್ದರೆ ಅದನ್ನೇ ಹುಡುಕಲು ಹಚ್ಚಿ.

ಐಹೊಳೆಯಲ್ಲಿ ನೋಡುವುದು ಬಹಳ, ಅಷ್ಟೇ ನಡೆಯುವುದೂ ಇದೆ. ದುರ್ಗ ಗುಡಿ, ಲಾಡಖಾನ್ ಎಲ್ಲರೂ ನೋಡುತ್ತಾರೆ. ಮೇಗುತಿಯ ಗುಡ್ಡ ಹತ್ತಿದರೆ ರವಿಕೀರ್ತಿಯ 634ರ ಶಾಸನ, ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದು ಅದರಲ್ಲಿದೆ. ಅವ್ವ, ಚಿಗವ್ವ ಹತ್ತಲಿಲ್ಲ. ಪರಶುರಾಮ ಕೊಡಲಿ ತೊಳೆದ ಹೊಳೆ ಅಂತ ಮಲಪ್ರಭೆಯಲ್ಲಿ ಕಾಲು ತೊಳೆದು ಕೂತರು.

ಕೂಡಲಸಂಗಮ ಕೊನೆಗಿರಲಿ, ಬಾಗಲಕೋಟೆಗೆ ತಿರುಗಿ ಬಂದು ಅಲ್ಲಿಂದ ಹೋಗುವುದು ಸುಲಭ. ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಬಂದ ಮೇಲೆ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ, ಸುತ್ತ ನೀರು, ನಾವು ಒಳಗೆ ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಮೊಣಕಾಲು ನೋವಿನವರ ಕೈ ಹಿಡಿದುಕೊಳ್ಳಿ.

ಕಾಲ ಅಂದರೆ ಅಕ್ಟೋಬರ್‌ನಿಂದ ಫೆಬ್ರವರಿ. ಅದರಲ್ಲಿ ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯ ಹೊತ್ತು ಮಾತ್ರ ನೋಡಿಕೊಂಡು ಹೋಗಿ. ಜನವರಿ ಆಸುಪಾಸು ಬರುತ್ತೆ. ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಬಾದಾಮಿಯಲ್ಲಿ ರೂಮು ಸಿಗುವುದಿಲ್ಲ. ನಾಟಕದ ಹುಚ್ಚಿದ್ದವರು ಮಾತ್ರ ಆಗಲೇ ಹೋಗಬೇಕು, ಕಂಪನಿಗಳು ಸಾಲಾಗಿ ಡೇರೆ ಹಾಕಿರುತ್ತವೆ. ರಾತ್ರಿ ಆಟ ನೋಡಿ ಮರುದಿನ ಬೆಳಿಗ್ಗೆ ಮೇಣಬಸದಿ ಹತ್ತುತ್ತೇನೆ ಅನ್ನುವ ಲೆಕ್ಕ ಮಾತ್ರ ಇಟ್ಟುಕೊಳ್ಳಬೇಡಿ.