ಜೋಗಿಮಟ್ಟಿಯಲ್ಲಿ ವಿಷ್ಣುಕ್ರಾಂತಿ ಗುರುತು ಹಿಡಿದದ್ದು

ಗಣೇಶನ ಇಪ್ಪತ್ತೊಂದು ಪತ್ರೆಗಳಲ್ಲಿ ವಿಷ್ಣುಕ್ರಾಂತಿಯೂ ಒಂದು. ಆ ಹೆಸರಿನಲ್ಲಿ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಇಟ್ಟದ್ದು ಬೇಲಿಯ ಶಂಖಪುಷ್ಪದ ಎಲೆ. ಹೂ ನೀಲಿ ಎಂಬುದೊಂದೇ ಆಧಾರ. ಶಂಖಪುಷ್ಪ ಅವರೆ, ಅಲಸಂದೆ ಕುಟುಂಬದ ಬಳ್ಳಿ. ವಿಷ್ಣುಕ್ರಾಂತಿಯೋ ಗೆಣಸಿನ ನಂಟು.

ಇದು ತಿಳಿದ ಮೇಲೆ ನರ್ಸರಿಯೊಂದರಲ್ಲಿ ಕೇಳಿದೆ. "ಇದೇ ಸರ್ ವಿಷ್ಣುಕ್ರಾಂತಿ" ಎಂದು ಕುಂಡ ಕೊಟ್ಟರು. ಗಾಢ ನೀಲಿ, ಎರಡು ಸೆಂಟಿಮೀಟರ್ ಅಗಲದ ಹೂ. ಎರಡು ಹಬ್ಬ ಅದರಲ್ಲೇ ಕಳೆಯಿತು. ಅದು ದಕ್ಷಿಣ ಅಮೆರಿಕದ ಇವಾಲ್ವುಲಸ್ ಗ್ಲೋಮೆರೇಟಸ್, ನಮ್ಮ ಗಿಡದ ದೂರದೂರಿನ ಸೋದರ.

ನಮ್ಮದು ಇವಾಲ್ವುಲಸ್ ಆಲ್ಸಿನಾಯ್ಡಿಸ್. ಅದನ್ನು ನಾನು ಮೊದಲು ಕಂಡದ್ದು ಚಿತ್ರದುರ್ಗದ ಜೋಗಿಮಟ್ಟಿ ಕಾಡಿನಲ್ಲಿ, ಮಳೆ ಬಿದ್ದ ವಾರದಲ್ಲಿ, ತಂಗಡಿ ಪೊದೆಗಳ ನಡುವಿನ ಗರಸು ಮಣ್ಣಿನಲ್ಲಿ. ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನಕ್ಕೆ ಹೂ ಮುದುಡಿ ಗಿಡ ಹುಲ್ಲಿನಲ್ಲಿ ಕಾಣೆಯಾಗುತ್ತದೆ. ಹೂ ಒಂದು ಸೆಂಟಿಮೀಟರೂ ಇಲ್ಲ. ಕೂದಲೆಳೆಯಂಥ ತೊಟ್ಟು, ತಿಳಿ ನೀಲಿ, ನಡುವೆ ಬಿಳಿ. ಎಲೆ, ಕಾಂಡಕ್ಕೆಲ್ಲ ರೇಷ್ಮೆಯಂಥ ರೋಮ. ಹಂಬು ನೆಲದ ಮೇಲೆ ಹರಡುತ್ತದೆ, ಯಾವುದಕ್ಕೂ ಸುತ್ತಿಕೊಳ್ಳುವುದಿಲ್ಲ. ಇವಾಲ್ವುಲಸ್ ಎಂಬ ಹೆಸರು ಬಂದದ್ದೇ ಈ ಗುಣದಿಂದ.

ಆದರೆ ನನಗೆ ಖಾತ್ರಿಯಾದದ್ದು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ. ಕಾಡಿನ ಗಿಡ ಕೀಳುವಂತಿಲ್ಲ, ಹಾಗಾಗಿ ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿದೆ. ಹೂವಿನ ನಡುವೆ, ಅಂಡಾಶಯದ ಮೇಲೆ ಎರಡು ಶಲಾಕೆ, ಅಂದರೆ ತುದಿಯಲ್ಲಿ ಪರಾಗ ಹಿಡಿಯುವ ಎಳೆ. ಒಂದೊಂದೂ ಮತ್ತೆ ಕವಲೊಡೆದು ಒಟ್ಟು ನಾಲ್ಕು ಸಣ್ಣ ತುದಿ, ಬಿಳಿ ದಾರ ಬಿಚ್ಚಿಟ್ಟ ಹಾಗೆ. ಶಂಖಪುಷ್ಪಿ ಎಂದೇ ಮಾರುವ (ಬೇಲಿಯ ಶಂಖಪುಷ್ಪವಲ್ಲ) ಕಾನ್ವಾಲ್ವುಲಸ್ ಪ್ರೊಸ್ಟ್ರೇಟಸ್‌ನಲ್ಲಿ ಶಲಾಕೆ ಒಂದೇ, ತುದಿ ಎರಡು. ಗಿಡಗಳಿಗೆ ಎರಡು ಪದದ ವೈಜ್ಞಾನಿಕ ಹೆಸರಿಡುವ ಪದ್ಧತಿ ನೆಲೆಗೊಳಿಸಿದ ಲಿನೇಯಸ್ 1753ರಲ್ಲಿ ವಿಷ್ಣುಕ್ರಾಂತಿಯನ್ನು ಕಾನ್ವಾಲ್ವುಲಸ್‌ಗೇ ಸೇರಿಸಿದ್ದ. 1762ರಲ್ಲಿ ಬೇರೆ ಮಾಡಿದ. ಬಣ್ಣವನ್ನು ನಾನೀಗ ನಂಬುವುದಿಲ್ಲ, ಇದೇ ಪ್ರಭೇದದಲ್ಲಿ ಅಪರೂಪಕ್ಕೆ ಬಿಳಿ ಹೂವೂ ಉಂಟು. ದುಂಡೆಲೆ, ಬಿಳಿ ಹೂವಿನ, ಗೆಣ್ಣಿಗೆಣ್ಣಿಗೂ ಬೇರಿಳಿಸುವ ಹಂಬು ಕಂಡರೆ ಅದು ಇವಾಲ್ವುಲಸ್ ನುಮ್ಯುಲೇರಿಯಸ್.

ಕಣ್ಣು ಪಳಗಿದ ಮೇಲೆ ನಮ್ಮ ಹೊಲದ ಬದುವಿನಲ್ಲೇ ಸಿಕ್ಕಿತು. ಎರಡು ಕುಡಿ ಚಿವುಟಿ ತಂದು ಅಮ್ಮನ ಕೈಗೆ ಭೂತಗನ್ನಡಿ ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನಾಲ್ಕು ಅವೆ ಕಣೋ," ಎಂದು ಹರಿವಾಣಕ್ಕೆ ಇಟ್ಟಳು.