ಮದ್ದು ಕೇಳುವ ಮೊದಲು ಬಿದ್ದ ಕಾಯಿ ಹೆಕ್ಕಿ

"ಅಡಿಕೆ ಉದುರ್ತಾ ಇದೆ, ಯಾವ ಮದ್ದು ಬಿಡ್ಬೇಕು?" ಮಳೆಗಾಲ ಬಂತೆಂದರೆ ಕೇರಳದ ಕಾಸರಗೋಡಿನ ಎಣ್ಮಕಜೆ, ಬದಿಯಡ್ಕದ ಕಡೆಯ ಹಿರಿಯ ಕೃಷಿಕರಿಗೆ ಬರುವ ಫೋನುಗಳಲ್ಲಿ ಜಾಸ್ತಿ ಇದೇ. ಅವರಾದರೂ ಏನು ಹೇಳಿಯಾರು? ಉದುರಲು ನೂರೆಂಟು ಕಾರಣ. ಕೇಳುವುದು ತಪ್ಪಲ್ಲ. ಆದರೆ ಅಚ್ಚಾಗಿ ಬಂದಿರುವುದನ್ನು ಓದಿಕೊಂಡು ಕೇಳಿ.

ಮೊದಲು ಓದಲು ಬೇಕಾದ್ದನ್ನು ತನ್ನಿ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ, ಅದರ ವಿಟ್ಲದ ಕೇಂದ್ರದ ಪುಸ್ತಿಕೆಗಳು, 1988ರಿಂದ ಪುತ್ತೂರಿನಿಂದ ಬರುತ್ತಿರುವ 'ಅಡಿಕೆ ಪತ್ರಿಕೆ'ಯ ಹಳೆ ಸಂಚಿಕೆಗಳು ಸಾಕು. ಸರಕಾರಿ ಕೃಷಿ ಕಚೇರಿಯಾದ ಕೃಷಿಭವನದಲ್ಲಿ ಸಿಕ್ಕಿದ ಕಾಗದ ಮಲಯಾಳದಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳ ಹತ್ತಿರ ಓದಿಸಿ.

ಎಡವುವುದು ಇನ್ನು ಮುಂದೆ. ಹೆಚ್ಚಿನವರು ರೋಗದ ಹೆಸರು ನೋಡಿ ಸೀದಾ ಮದ್ದಿನ ಅಳತೆಗೆ ಹಾರುತ್ತಾರೆ. ನಡುವೆ ಇರುವ ಲಕ್ಷಣಗಳ ಭಾಗವೇ ಮುಖ್ಯ, ಅದನ್ನು ಜಗಲಿಯಲ್ಲಿ ಕೂತು ಓದಿದರೆ ಪ್ರಯೋಜನವಿಲ್ಲ. ಪುಸ್ತಿಕೆ ಹಿಡಿದು ತೋಟಕ್ಕಿಳಿಯಿರಿ. ಬುಡದಲ್ಲಿ ಬಿದ್ದ ಕಾಯಿ ಹೆಕ್ಕಿ, ತೊಟ್ಟಿನ ಕಡೆ ತಿರುಗಿಸಿ. ಅಲ್ಲಿ ನೀರು ಹೀರಿದ ಹಾಗೆ ಕಡು ಹಸಿರು ಕಲೆ ಇದೆಯಾ? ತೊಟ್ಟು ಮರದಲ್ಲೇ ಉಳಿದು ಕಾಯಿ ಮಾತ್ರ ಬಿದ್ದಿದೆಯಾ? ಬಿದ್ದ ಕಾಯಿಗೆ ಬಿಳಿ ಬೂಸು ಹಿಡಿದಿದೆಯಾ? ಹಾಗಿದ್ದರೆ ಮಹಾಳಿ, ಅಂದರೆ ಕೊಳೆರೋಗ. ಎಳೆ ಕಾಯಿಯಲ್ಲಿ ಸೂಜಿ ಚುಚ್ಚಿದಂಥ ಗುರುತಿದ್ದರೆ ತಿಗಣೆಯ ಕೆಲಸ. ಸಿಪ್ಪೆ ಸೀಳಿದ್ದರೆ ಅದು ಬೇರೆಯೇ ಕಥೆ, ಮೈಲುತುತ್ತು (ತಾಮ್ರದ ಸಲ್ಫೇಟ್) ಸಿಂಪಡಿಸಿದರೂ ಫಲವಿಲ್ಲ. ಆಮೇಲೆ ತಲೆ ಎತ್ತಿ ಸೋಗೆ ನೋಡಿ. ಹೊರಗಿನ ಸೋಗೆಯ ಗರಿಗಳು ತುದಿಯಿಂದ ಹಳದಿಯಾಗುತ್ತಾ ಬಂದಿವೆಯಾ, ಕಾಯಿ ಕೊಯ್ದರೆ ತಿರುಳು ಕಪ್ಪಾಗಿದೆಯಾ? ಹಳದಿ ರೋಗದ ಅನುಮಾನ ಇಡಿ. ಅದನ್ನು ಗುಣಪಡಿಸುವ ಮದ್ದೇ ಇಲ್ಲ. "ಎಲ್ಲಾ ರೋಗಕ್ಕೂ ಒಂದೇ" ಎಂದು ಮಾರುವ ಬಾಟಲಿಗಳಿಗೆ ದುಡ್ಡು ಸುರಿಯಬೇಡಿ.

ಮಹಾಳಿಯೇ ಆದರೆ ನೀವು ಬಿಟ್ಟ ಮದ್ದನ್ನೂ ಪುಸ್ತಿಕೆಯ ಜೊತೆ ತಾಳೆ ನೋಡಿ. ಮಹಾಳಿಗೆ ಬಿಡುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಬೇಡ. ತಿಕ್ಕಿ ಹೊಳಪಿಸಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪು ಹಿಡಿದರೆ ಸುಣ್ಣ ಸಾಲದು. ಗೋಣಿಯಲ್ಲಿ ಹಳತಾಗಿ ಹುಡಿಯಾದ ಸುಣ್ಣ ಹಾಕಿದವರಿಗೆ ಇದೇ ಆಗುವುದು. ನಿನ್ನೆ ಉಳಿದ ಮದ್ದನ್ನು ಇವತ್ತು ಬಿಡುವುದೂ ಸುಮ್ನೆ ದಂಡ. ಮೊದಲನೆಯದು ಮಳೆಗೆ ಮುಂಚೆ, ಎರಡನೆಯದು 40-45 ದಿನ ಕಳೆದು.

ಬಿಟ್ಟ ತಾರೀಕು, ಅಳತೆ, ಎಷ್ಟು ಮರದಲ್ಲಿ ಉದುರುತ್ತಿದೆ ಎಂಬುದನ್ನು ಬರೆದಿಡಿ.

ಈಗ ಫೋನ್ ಮಾಡಿ. "ಅಣ್ಣಾ, ಮಹಾಳಿಯ ಹಾಗೆ ಕಾಣ್ತದೆ, ಮಳೆಗೆ ಮುಂಚೆ ಒಂದು ಸಲ ಬಿಟ್ಟಿದ್ದೇನೆ, ಈಗ ಬಿಸಿಲೇ ಇಲ್ಲ, ಎರಡನೇದು ಹೇಗೆ ಬಿಡುವುದು?" ಎಂದು ಕೇಳಿ ನೋಡಿ. ಅವರು ತಮ್ಮ ತೋಟದ ಕಥೆಯನ್ನೇ ಬಿಚ್ಚಿಡುತ್ತಾರೆ. ಕೃಷಿಭವನಕ್ಕೆ ಹೋಗುವುದಾದರೆ ಕಾಯಿಯನ್ನು ಪೇಪರಿನಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೆವತು ಕೊಳೆತರೆ ಯಾವ ರೋಗವೆಂದು ಅವರಿಗೂ ತಿಳಿಯದು.